ಎರಡನೇ ಸಹಿ

“ತಲೆ ಕಡೆಯವರು ಇನ್ನೊಂದು ಗೇಣು ಎತ್ತಿ. ಕಾಲ ಕಡೆಯವರು ಗೋಡೆಗೆ ಒತ್ತಿ ನಿಂತ್ಕೊಳ್ಳಿ. ಹಾಂ, ಈಗ ತಿರುಗಿಸಿ. ನಿಧಾನ!”

ದಿಲ್ಲಿಯ ವಸಂತ್ ಕುಂಜಿನ ಫ್ಲ್ಯಾಟಿನ ಮೂರನೇ ಮಹಡಿಯಿಂದ ಇಳಿಯುವ ಮೆಟ್ಟಿಲ ತಿರುವಿನಲ್ಲಿ ಇಂದುಶೇಖರರ ಚಟ್ಟ ಸಿಕ್ಕಿಕೊಂಡಿತ್ತು. ಹೊತ್ತವರು ನಾಲ್ಕು ಜನ, ಅಭಿಪ್ರಾಯ ಐದು. ಕೊನೆಗೆ ಮೇಲಿನ ಮೆಟ್ಟಿಲಲ್ಲಿ ನಿಂತು, ಕಂಬಿ ಹಿಡಿದು ಬಗ್ಗಿ, ದಾರಿ ಹೇಳಿಕೊಟ್ಟವಳು ಹೆಂಡತಿ ಲೀಲಾವತಿಯೇ. ಅರವತ್ತಾರು ವರ್ಷದ ಹೆಂಗಸು, ಗಂಡ ನಿದ್ದೆಯಲ್ಲೇ ಹೋಗಿ ಒಂದು ಹಗಲು ಒಂದು ರಾತ್ರಿ ಕಳೆದಿದೆ ಅಷ್ಟೆ. ಮೇಸ್ತ್ರಿಯ ದನಿಯಲ್ಲಿ ಹೀಗೆ ಅಪ್ಪಣೆ ಕೊಟ್ಟರೆ ನೋಡುವವರಿಗೆ ಹೇಗಾಗಬೇಡ? ಎರಡನೇ ಮಹಡಿಯ ಪಂಜಾಬಿ ಹೆಂಗಸು ಬಾಗಿಲ ಸಂದಿಯಿಂದ ನೋಡಿ ಹುಬ್ಬೇರಿಸಿದಳು. ಏರಿಸಿಕೊಳ್ಳಲಿ. ಚಟ್ಟ ತಿರುಗಿತು, ಗೋಡೆಗೆ ಎಲ್ಲೂ ತಾಗಲಿಲ್ಲ.

“ನಿನ್ನ ಎದೆ ಏನು ಕಲ್ಲೇನೇ ಲೀಲಾ,” ಅಂದರು ಇಂದುಶೇಖರರ ಅಕ್ಕ ಸುಶೀಲಮ್ಮ. ನಿನ್ನೆ ಸಂಜೆ ತುಮಕೂರಿನಿಂದ ಬಂದಿಳಿದವರು ಆಗಿನಿಂದ ಸೆರಗನ್ನು ಮೂಗಿನಿಂದ ತೆಗೆದಿರಲಿಲ್ಲ.

“ಅಳೋದಕ್ಕೆ ಆಮೇಲೆ ಟೈಮಿದೆ ಅಕ್ಕ. ಅವರನ್ನ ಗೋಡೆಗೆ ಬಡಿಸಿಕೊಂಡು ಕಳಿಸಲಾ?”

ಮುಂದಿನ ಬಲಗಂಬಕ್ಕೆ ಹೆಗಲು ಕೊಟ್ಟಿದ್ದ ಮುರಳೀಧರ ಏದುಸಿರಿನ ನಡುವೆಯೂ ನಕ್ಕುಬಿಟ್ಟರು. ಅವರು ಇಂದುಶೇಖರರ ಜೊತೆ ಒಂದೇ ಸರಕಾರಿ ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷ ದುಡಿದವರು. “ಅತ್ತಿಗೆಗೆ ಇದೇನು ಹೊಸದಾ ಸುಶೀಲಮ್ಮನವರೇ? ಕಿದ್ವಾಯಿ ನಗರದಲ್ಲಿ ರೆಕ್ಕೆ ಇಳಿಸಿದವರು ಅವರು.”

ಹಿಂದಿನ ಎಡಗಂಬ ಅಭಿಷೇಕನದು. ಗುರುಗ್ರಾಮದ ಕಂಪನಿಯೊಂದರಲ್ಲಿ ಕೆಲಸ, ಮೂವತ್ತು ದಾಟಿಲ್ಲ, ಸ್ವಂತ ದುಡ್ಡಿನಲ್ಲಿ ಪೈಲಟ್ ಲೈಸೆನ್ಸ್ ಮಾಡಿಕೊಂಡವನು. ಆರು ವರ್ಷದಿಂದ ಪ್ರತಿ ಭಾನುವಾರ ಇಂದುಶೇಖರರ ಪಕ್ಕದ ಸೀಟಿನಲ್ಲಿ ಕೂತು ಹಾರಿದವನು. ಅವನು ನಗಲಿಲ್ಲ. ಅವನ ಗಲ್ಲದಿಂದ ನೀರು ಇಳಿದು ಚಟ್ಟದ ಬಿದಿರಿನ ಮೇಲೆ ಬೀಳುತ್ತಿತ್ತು.

*

ರೆಕ್ಕೆ ಇಳಿಸಿದ ಕತೆ, ಅವರು ಆಗ ಕ್ವಾರ್ಟರ್ಸಿನಲ್ಲಿದ್ದ ಇಡೀ ಕಿದ್ವಾಯಿ ನಗರಕ್ಕೆ ಗೊತ್ತು.

ಇಂದುಶೇಖರರ ನೌಕರಿ ಎಂದರೆ ವಿಮಾನಗಳ ಮೀಟರು ರಿಪೇರಿ. ಎತ್ತರ ತೋರಿಸುವ ಮುಳ್ಳು, ವೇಗ ತೋರಿಸುವ ಮುಳ್ಳು, ಬೆಳಗಿನಿಂದ ಸಂಜೆವರೆಗೆ ಮುಳ್ಳುಗಳೇ. ಇಪ್ಪತ್ತು ವರ್ಷ ಹೀಗೆ ಕಳೆದ ಮೇಲೆ ಒಂದು ದಿನ ಅಂಚೆಯಲ್ಲಿ ದೊಡ್ಡ ಸುರುಳಿಯೊಂದು ಬಂತು. ಲೀಲಾವತಿ ಕ್ಯಾಲೆಂಡರು ಇರಬೇಕು ಅಂದುಕೊಂಡಳು. ಬಿಚ್ಚಿದರೆ ಇಬ್ಬರು ಕೂರುವ ವಿಮಾನದ ನಕ್ಷೆ. “ಯಾರ್‍ಯಾರೋ ಹಾರೋದಕ್ಕೆ ಮುಳ್ಳು ತಿದ್ದಿ ಸಾಕಾಯ್ತು ಲೀಲಾ,” ಅಂದರು. ಅಷ್ಟೇ. ಬೇರೆಯವರ ಗಂಡಂದಿರು ಈ ವಯಸ್ಸಿಗೆ ಸೈಟು ಕೊಳ್ಳುವ ಮಾತಾಡುತ್ತಿದ್ದರು.

ಕ್ವಾರ್ಟರ್ಸಿನ ಹಾಲಿನಲ್ಲಿ ಅಲ್ಯೂಮಿನಿಯಂ ಹಾಳೆ ಹರಡಿತು. ಅವರು ಹೊರಗಿನಿಂದ ಹಾಳೆ ಜೋಡಿಸುವ ರಿವೆಟ್ ಮೊಳೆ ಹೊಡೆಯಬೇಕು, ಅವಳು ಒಳಗಿನಿಂದ ಕಬ್ಬಿಣದ ಗಟ್ಟಿ ಒತ್ತಿ ಹಿಡಿಯಬೇಕು. ಆರು ವರ್ಷದ ಮಗಳು ಅಪೂರ್ವ ರೆಕ್ಕೆಯ ಅಡಿಯಲ್ಲಿ ಹೋಂವರ್ಕ್ ಮಾಡುತ್ತಿದ್ದಳು, ಅಲ್ಲೇ ಮಲಗುತ್ತಿದ್ದಳು. ರೆಕ್ಕೆ ಮುಗಿದ ದಿನ ಗಂಡಹೆಂಡತಿಗೆ ಹೊಳೆಯಿತು: ಹನ್ನೊಂದಡಿಯ ಈ ವಸ್ತು ಬಾಗಿಲು ದಾಟಬಹುದು, ಮೆಟ್ಟಿಲು ಮಾತ್ರ ಇಳಿಯುವುದಿಲ್ಲ. ನಕ್ಷೆಯ ಪ್ರತಿ ಗೆರೆಯನ್ನೂ ಅಳೆದ ಮನುಷ್ಯ ಮೆಟ್ಟಿಲನ್ನು ಅಳೆದಿರಲಿಲ್ಲ. ಕೊನೆಗೆ ತರಕಾರಿ ಭಯ್ಯಾ, ಇಬ್ಬರು ಚೌಕೀದಾರರು ಮತ್ತು ಮುರಳೀಧರ ಸೇರಿ ಬಾಲ್ಕನಿಯಿಂದ ಹಗ್ಗ ಕಟ್ಟಿ ಇಳಿಸಿದರು. ಹಗ್ಗ ಬಿಡುವ ಲೆಕ್ಕ ಹೇಳಿದವಳು ಲೀಲಾವತಿ. ಇಂದುಶೇಖರ ಕೆಳಗೆ ನಿಂತು ಕಣ್ಣು ಮುಚ್ಚಿಕೊಂಡಿದ್ದರು.

ಆಮೇಲೆ ಓಖ್ಲಾದ ಒಂದು ಪ್ರಿಂಟಿಂಗ್ ಪ್ರೆಸ್ಸಿನ ಹಿಂದಿನ ಶೆಡ್ಡು. ಅಲ್ಲಿ ಹದಿನೈದು ವರ್ಷ. ಅವರ ಕೆಲಸಕ್ಕೆ ಒಂದೇ ನಿಯಮ. ಒಂದು ತಂತಿ ಜೋಡಿಸಿದರೂ, ಒಂದು ಬೋಲ್ಟು ಬಿಗಿದರೂ ಪುಸ್ತಕದಲ್ಲಿ ಬರೆಯಬೇಕು, ಎರಡು ಸಹಿ ಬೀಳಬೇಕು. ಮೊದಲನೆಯದು ಜೋಡಿಸಿದವರದು. ಎರಡನೆಯದು ಪರೀಕ್ಷಿಸಿದವರದು. ಒಬ್ಬರೇ ಎರಡನ್ನೂ ಹಾಕುವ ಹಾಗಿಲ್ಲ.

“ಮಾಡಿದವನಿಗೆ ತಾನು ಏನು ಮಾಡಬೇಕು ಅಂತಿದ್ನೋ ಅದೇ ಕಾಣುತ್ತೆ. ಏನು ಮಾಡಿದಾನೋ ಅದು ಕಾಣಲ್ಲ,” ಅನ್ನುತ್ತಿದ್ದರು.

ಹಾಗಾಗಿ ಎರಡನೇ ಸಹಿಯೆಲ್ಲ ಲೀಲಾವತಿಯದು. ಪಿಯುಸಿ ಓದಿದ ಹೆಂಗಸು ಅಷ್ಟು ವರ್ಷಗಳಲ್ಲಿ ಹನ್ನೊಂದು ತಪ್ಪು ಹಿಡಿದಳು. ಒಂದೊಂದು ಸಿಕ್ಕಾಗಲೂ ಇಂದುಶೇಖರ ಮುಖ ಸಣ್ಣದು ಮಾಡಿಕೊಳ್ಳದೆ, ಪೇಟೆಗೆ ಹೋಗಿ ಬಿಸಿ ಜಿಲೇಬಿ ಕಟ್ಟಿಸಿಕೊಂಡು ಬರುತ್ತಿದ್ದರು. ತಪ್ಪು ಹಿಡಿದ ಹೆಂಡತಿಗೆ ಜಿಲೇಬಿ ತಂದುಕೊಡುವ ಗಂಡ ದಿಲ್ಲಿಯಲ್ಲಿ ಇನ್ನೊಬ್ಬ ಇರಲಾರ ಎಂದು ಅವಳಿಗೆ ಒಳಗೊಳಗೇ ಜಂಬ. ವಿಮಾನ ಹಾರಿತು. ಹರಿಯಾಣದ ಹೊಲಗಳ ನಡುವಿನ ಒಂದು ಖಾಸಗಿ ರನ್‌ವೇಯಿಂದ ಎಂಟು ವರ್ಷ ಹಾರುತ್ತಲೇ ಇತ್ತು.

*

ಸ್ಮಶಾನದಿಂದ ಬಂದು ಎಲ್ಲರೂ ಸ್ನಾನ ಮುಗಿಸಿದಾಗ ಮಧ್ಯಾಹ್ನ ಒಂದು ಗಂಟೆ. ಇಂದುಶೇಖರ ಮಲಗಿದ್ದ ಜಾಗದಲ್ಲಿ ದೀಪ ಹಚ್ಚಿತ್ತು. ಪಂಜಾಬಿ ಹೆಂಗಸೇ ರೋಟಿ, ದಾಲ್, ಫ್ಲಾಸ್ಕಿನಲ್ಲಿ ಚಹಾ ಕಳಿಸಿದ್ದಳು. ಮುರಳೀಧರ ಚಾಪೆಯ ಮೇಲೆ ಕೂತು ಎರಡು ಸಹಿಯ ಆ ಪುಸ್ತಕದ ಹಾಳೆಗಳನ್ನು ಒಂದೊಂದಾಗಿ ತಿರುವುತ್ತಿದ್ದರು.

“ಇಪ್ಪತ್ತಾರು ವರ್ಷ,” ಅಂದರು. “ಒಂದು ಹಾಳೆ ಹರಿದಿಲ್ಲ ನೋಡಿ. ಪ್ರಮೋಷನ್ನಿಗೆ ಅರ್ಜಿ ಬರೆಯೋಕೆ ಮಾತ್ರ ಈ ಮನುಷ್ಯನಿಗೆ ಪುರುಸೊತ್ತಾಗಲಿಲ್ಲ.”

“ತಂಗಿ ಮದುವೆಗೆ ಬಂದಾಗಲೂ ಜೇಬಲ್ಲಿ ರಿವೆಟ್ಟು,” ಅಂದರು ಸುಶೀಲಮ್ಮ. “ಅಕ್ಷತೆ ಅಂತ ಅದನ್ನೇ ಎರಚಿಬಿಟ್ಟಿದ್ದ.”

ಎಲ್ಲರೂ ನಕ್ಕರು. ಲೀಲಾವತಿಗೂ ನಗು ಬಂತು. ಇಂಥ ದಿನ ನಗಬಹುದೇ ಎಂದು ಯಾರೂ ಕೇಳಲಿಲ್ಲ.

ಆಗ ಅಭಿಷೇಕ ಗಂಟಲು ಸರಿಮಾಡಿಕೊಂಡ. “ಆಂಟಿ, ಒಂದು ಮಾತು. ನಾಳೆ ಬೆಳಿಗ್ಗೆ ಏಳಕ್ಕೆ ಟೆಸ್ಟ್ ಫ್ಲೈಟಿಗೆ ಅಂಕಲ್ ಪರ್ಮಿಶನ್ ತಗೊಂಡಿದ್ರು. ಹೊಸ ಟ್ರಿಮ್ ನೋಡೋದಕ್ಕೆ. ಇದು ಬಿಟ್ರೆ ಮತ್ತೆ ಮೂರು ತಿಂಗಳು ಕಾಯ್ಬೇಕು. ನಾನು ಹಾರಿಸ್ತೀನಿ. ಅಂಕಲ್ ಹೆಸರಲ್ಲಿ. ನೀವು ಹೂಂ ಅನ್ನಬೇಕು.”

“ಅದೇನಪ್ಪ ಟ್ರಿಮ್ಮು?” ಸುಶೀಲಮ್ಮ ಕೇಳಿದರು.

ಅಭಿಷೇಕ ಎದುರಿಗಿದ್ದ ಖಾಲಿ ತಟ್ಟೆಯನ್ನು ಎತ್ತಿ ಅಡ್ಡಲಾಗಿ ಹಿಡಿದ. “ಇದು ಬಾಲದ ಹಲಗೆ ಅಂದ್ಕೊಳ್ಳಿ ಆಂಟಿ. ಬಾಗಿಲಿನ ಥರ ಮೇಲೆ ಕೆಳಗೆ ಆಡುತ್ತೆ. ಇದು ಆಡಿದ ಹಾಗೆ ವಿಮಾನದ ಮೂತಿ ಏಳುತ್ತೆ, ಇಳಿಯುತ್ತೆ. ಪೈಲಟ್ ಒಂದೇ ಸಮ ಕೋಲು ಒತ್ತಿ ಹಿಡಿದುಕೊಂಡೇ ಇದ್ರೆ ಕೈ ಬಿದ್ದುಹೋಗುತ್ತಲ್ಲ? ಅದಕ್ಕೇ ಹಲಗೆಯ ಅಂಚಲ್ಲಿ ಒಂದು ಚಿಕ್ಕ ಪಟ್ಟಿ.” ತಟ್ಟೆಯ ಅಂಚಿಗೆ ಚಮಚ ಹಿಡಿದ. “ಈ ಪಟ್ಟಿ ಆ ಭಾರ ತಗೊಳ್ಳುತ್ತೆ. ಮೊದಲು ಚಕ್ರ ಸುತ್ತಿ ಕೇಬಲ್ಲಿಂದ ಇದನ್ನ ಆಡಿಸ್ಬೇಕಿತ್ತು. ಸೋಮವಾರ ಅಂಕಲ್ ಚಕ್ರ ತೆಗೆದು ಮೋಟಾರ್ ಹಾಕಿದ್ರು. ಈಗ ಬರೀ ಸ್ವಿಚ್ಚು.”

“ಕೆಲಸ ಮಾಡುತ್ತಾ ಅದು?”

“ಫಸ್ಟ್ ಕ್ಲಾಸ್! ಅಂಕಲ್ ಒಳಗೆ ಕೂತು ಒತ್ತಿದ್ರು, ನಾನೇ ಹಿಂದೆ ನಿಂತು ನೋಡಿದೆ. ಸ್ವಿಚ್ಚನ್ನ ಮೇಲೆ ಅಂತ ಒತ್ತಿದ್ರೆ ಪಟ್ಟಿ ಮೇಲೆ.” ಚಮಚ ಮೇಲಕ್ಕೆ ಹೋಯಿತು. “ಕೆಳಗೆ ಒತ್ತಿದ್ರೆ ಕೆಳಗೆ. ಪರ್ಫೆಕ್ಟ್ ಅಂಕಲ್ ಅಂತ ಕೂಗಿದೆ. ಅವರಿಗೆ ಇಳಿದು ಬರೋಕೆ ಕಾಲು ಸಾಲದು ನೋಡಿ, ಅಲ್ಲಿಂದಲೇ ಹೆಬ್ಬೆರಳು ತೋರಿಸಿದ್ರು.”

ಲೀಲಾವತಿ ಚಹಾ ಲೋಟವನ್ನು ನೆಲಕ್ಕಿಟ್ಟಳು.

*

ಕಳೆದ ವರ್ಷ ಪಾರ್ಶ್ವವಾಯು ಬಡಿದು ಇಂದುಶೇಖರರ ಎಡಗೈ ಹಿಡಿತ ಹೋಗಿತ್ತು. ಕಾಲು ಅರ್ಧ ಸುಧಾರಿಸಿತು, ಕೈ ಸುಧಾರಿಸಲಿಲ್ಲ. ಟ್ರಿಮ್ಮಿನ ಚಕ್ರ ಇದ್ದದ್ದು ಎಡ ಮಂಡಿಯ ಪಕ್ಕ. “ಕೈಗೆ ತಿಳಿಯೋದು ಸ್ವಿಚ್ಚಿಗೆ ತಿಳಿಯುತ್ತಾ?” ಎಂದು ಜೀವನವಿಡೀ ಎಲೆಕ್ಟ್ರಿಕ್ ಟ್ರಿಮ್ಮನ್ನು ಹೀಯಾಳಿಸಿದವರು, ಒಂದು ದಿನ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಮೋಟಾರನ್ನು ತರಿಸಿ ಅಡುಗೆಮನೆ ಕಟ್ಟೆಯ ಮೇಲಿಟ್ಟರು. ಅಭಿಷೇಕ ಪಕ್ಕದಲ್ಲಿ ಕೂತಿರುತ್ತಾನೆ, ತಾನು ಬಲಗೈಯಲ್ಲಿ ಕೋಲು ಹಿಡಿದು ಬೆರಳಲ್ಲೇ ಸ್ವಿಚ್ ಒತ್ತುತ್ತೇನೆ ಎಂಬುದು ಅವರ ಯೋಜನೆ.

“ಚಮಚ ಹಿಡಿಯೋಕಾಗದ ಕೈಗೆ ವಿಮಾನ ಯಾಕೆ ಬೇಕು?” ಅಂದಿದ್ದಳು ಲೀಲಾವತಿ. ಸಿಟ್ಟಲ್ಲ ಅದು, ಹೆದರಿಕೆ. ಗಂಡ ಆಕಾಶದಲ್ಲಿ ಕುಸಿದುಬಿದ್ದರೆ ಎಂಬ ಹೆದರಿಕೆ. ಹೆದರಿದ್ದೇನೆ ಎಂದು ಹೇಳಲು ಅವಳಿಗೆ ಬರುತ್ತಿರಲಿಲ್ಲ, ಆದ್ದರಿಂದ ಬೈದಳು. ಈ ಕೆಲಸಕ್ಕೆ ತಾನು ಕೈಹಾಕುವುದಿಲ್ಲ ಎಂದು ಕಡ್ಡಿ ಮುರಿದ ಹಾಗೆ ಹೇಳಿದಳು.

ಸೋಮವಾರ ಬೆಳಿಗ್ಗೆ ಅವರು ಪುಸ್ತಕ ಹಿಡಿದು ಅಡುಗೆಮನೆ ಬಾಗಿಲಿಗೆ ಬಂದರು. “ಇವತ್ತು ಜೋಡಿಸ್ತೀನಿ ಲೀಲಾ. ನೀನು ಬಂದು ನೋಡದೆ ಹೇಗೆ?”

ಅವಳು ಪುಸ್ತಕ ಕಿತ್ತುಕೊಂಡು, ಒದ್ದೆಗೈಯಲ್ಲೇ, ಖಾಲಿ ಸಾಲಿನ ಬಲತುದಿಯಲ್ಲಿ ಸಹಿ ಗೀಚಿದಳು. “ತಗೊಳ್ಳಿ. ಹಾಕಿದೀನಿ. ಇನ್ನು ನನ್ನ ಕಾಡಬೇಡಿ.”

ಕೆಲಸವೇ ಆಗದ ಸಾಲಿಗೆ ಪರೀಕ್ಷೆಯ ಸಹಿ. ಅವರು ಹಾಳೆ ಹರಿಯುತ್ತಾರೆ, ಕೂಗಾಡುತ್ತಾರೆ, ಆಗ ತಾನೂ ಸೆರಗು ಸಿಕ್ಕಿಸಿ ಹೊರಡಬಹುದು ಎಂದು ಅವಳ ಎಣಿಕೆ. ಅವರು ಸಹಿಯನ್ನು ಬಹಳ ಹೊತ್ತು ನೋಡಿದರು. ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು ಅಭಿಷೇಕನ ಕಾರು ಹತ್ತಿದರು. ಸಂಜೆ ಬಂದು “ಮುಗೀತು” ಅಂದರು. ಅವಳು ತಟ್ಟೆ ಇಟ್ಟಳು, ಹೇಗಾಯ್ತು ಎಂದು ಕೇಳಲಿಲ್ಲ. ಮಂಗಳವಾರ ಬೆಳಿಗ್ಗೆ ಎಬ್ಬಿಸಲು ಹೋದರೆ ಮೈ ತಣ್ಣಗಾಗಿತ್ತು.

*

“ಅದು ಉಲ್ಟಾ ಇದೆ,” ಅಂದಳು ಲೀಲಾವತಿ.

“ಏನು ಆಂಟಿ?”

“ಸ್ವಿಚ್ಚಲ್ಲಿ ಮೇಲೆ ಅಂದ್ರೆ ಮೂತಿ ಮೇಲೆ. ಹಾಗೆ ಒತ್ತಿದ್ರೆ ಪಟ್ಟಿ ಕೆಳಗೆ ಹೋಗಬೇಕು ಕಣೋ.” ಅವನ ಕೈಯಿಂದ ತಟ್ಟೆ ಚಮಚ ತೆಗೆದುಕೊಂಡಳು. “ಪಟ್ಟಿ ಕೆಳಗೆ ಬಾಗಿದ್ರೆ ಗಾಳಿ ಅದನ್ನ ಮೇಲಕ್ಕೆ ನೂಕುತ್ತೆ. ಅದರ ಜೊತೆ ಹಲಗೆ ಏಳುತ್ತೆ, ಬಾಲ ತಗ್ಗುತ್ತೆ, ಮೂತಿ ಏಳುತ್ತೆ. ನೀನು ನೋಡಿದ್ದು ಅದರ ತದ್ವಿರುದ್ಧ. ನಾಳೆ ನೆಲ ಬಿಟ್ಟ ಮೇಲೆ ಮೂತಿ ಜಾಸ್ತಿ ಎದ್ರೆ ಏನು ಮಾಡ್ತೀಯ?”

“ಕೆಳಗೆ ಅಂತ ಒತ್ತುತೀನಿ.”

“ಅದು ಇನ್ನೂ ಏಳುತ್ತೆ. ನೀನು ಇನ್ನೂ ಒತ್ತುತೀಯ.”

ಮುರಳೀಧರ ಕನ್ನಡಕ ಹಣೆಗೇರಿಸಿದರು. “ಅತ್ತಿಗೆ, ಇವತ್ತು ನಿಮ್ಮ ಮನಸ್ಸು ಸ್ಥಿಮಿತದಲ್ಲಿಲ್ಲ. ಇಂದುಶೇಖರ ಕೈಯಾರೆ ಜೋಡಿಸಿದ್ದು ಅದು. ಇವನು ಮೇಲೆ ಕೆಳಗೆ ಮರೆತು ಹೇಳ್ತಿರಬಹುದು. ಅಲ್ಲದೆ ನೋಡಿ, ನೀವೇ ಪರೀಕ್ಷೆ ಮಾಡಿ ಸಹಿ ಹಾಕಿದೀರಲ್ಲ!” ಅವರು ಪುಸ್ತಕ ತಿರುಗಿಸಿ ಬೆರಳಿಟ್ಟು ತೋರಿಸಿದರು.

ಕೋಣೆಯಲ್ಲಿದ್ದ ಎಲ್ಲರೂ ಆ ಸಹಿಯನ್ನು ನೋಡಿದರು. ಸುಮ್ಮನಿದ್ದರೂ ಆಗುತ್ತಿತ್ತು. ನಾಳೆ ಹೊರಡುವ ಮುಂಚೆ ಇನ್ನೊಂದು ಸಲ ನೋಡಿಕೋ ಎಂದು ಹುಡುಗನಿಗೆ ಮೆಲ್ಲಗೆ ಹೇಳಿ ಮಾನ ಉಳಿಸಿಕೊಳ್ಳಬಹುದಿತ್ತು. ಆದರೆ ಒಮ್ಮೆ ನೋಡಿ ಸರಿ ಅಂದವನು ಮತ್ತೊಮ್ಮೆ ನೋಡಿದರೂ ಸರಿಯೇ ಅನ್ನುತ್ತಾನೆ ಎಂಬುದು ಅವಳಿಗೆ ಗೊತ್ತಿತ್ತು.

“ನಾನು ನೋಡಿಲ್ಲ ಮುರಳಿಯವರೇ,” ಅಂದಳು. “ಅವರು ಜೋಡಿಸೋ ಮುಂಚೆಯೇ ಸಹಿ ಹಾಕಿದೆ. ಸಿಟ್ಟಲ್ಲಿ. ಅದು ಸುಳ್ಳು ಸಹಿ.”

ಮುರಳೀಧರ ಪುಸ್ತಕವನ್ನು ಮಡಿಲಲ್ಲಿ ಮುಚ್ಚಿದರು. ಅವಳಿಗೆ ಮುಖ ಸುಟ್ಟಂತಾಯಿತು, ಆದರೂ ತಲೆ ತಗ್ಗಿಸಲಿಲ್ಲ. “ಅಭಿಷೇಕ್, ಗಾಡಿ ತೆಗಿ. ಈಗಲೇ ಹೋಗಬೇಕು.”

“ಇವತ್ತಾ?” ಸುಶೀಲಮ್ಮ ಎದ್ದೇ ನಿಂತರು. “ದೀಪ ಉರೀತಿದೆ. ಹೆಂಡತಿಯಾದವಳು ಹೊಸಿಲು ದಾಟೋ ಹೊತ್ತೇನೇ ಇದು? ಜನ ಏನಂತಾರೆ?”

“ದೀಪಕ್ಕೆ ನೀವು ಎಣ್ಣೆ ಹಾಕ್ತಾ ಇರಿ ಅಕ್ಕ. ಈ ಹುಡುಗನನ್ನೂ ಕಳಕೊಂಡು ಇನ್ನೊಂದು ಮನೇಲಿ ದೀಪ ಹಚ್ಚಿಸಲಾ?”

ಸುಶೀಲಮ್ಮ ಕೂತರು. ಎಣ್ಣೆ ಬಾಟಲಿ ಎಲ್ಲಿದೆ ಎಂದು ಕೇಳಿದರು.

ಬಾಗಿಲಲ್ಲಿ ನಿಂತವಳು ಅಪೂರ್ವ. ನೋಯ್ಡಾದಲ್ಲಿ ಆಫೀಸು, ಮೂವತ್ತೆರಡು ವಯಸ್ಸು, ಅತ್ತು ಅತ್ತು ಕಣ್ಣು ಊದಿತ್ತು. “ಅಮ್ಮ, ಆಜ್ ಭೀ? ಇವತ್ತೂ ಆ ಪ್ಲೇನೇ ಬೇಕಾ ನಿಂಗೆ? ಬಚ್‌ಪನ್ ಸೇ, ಚಿಕ್ಕಂದಿನಿಂದ ಇದನ್ನೇ ನೋಡಿದೀನಿ. ಯಾವಾಗ್ಲೂ ಅದೇ ಮೊದಲು, ನಾನು ಆಮೇಲೆ.”

ಹೌದು ಎನ್ನಬೇಕಾದ ಮಾತೇ. ಲೀಲಾವತಿ ಮಗಳ ಕೆನ್ನೆ ಮುಟ್ಟಿದಳು. “ಬಾ, ನೀನೂ ಬಾ. ಬಯ್ಯೋದಿದ್ರೆ ದಾರೀಲಿ ಬಯ್ಯಿ.”

*

ದಾರಿಯಲ್ಲಿ ಅಪೂರ್ವ ಬಯ್ಯಲಿಲ್ಲ. ಗುರುಗ್ರಾಮದ ಗಾಜಿನ ಕಟ್ಟಡಗಳು ಮುಗಿದು ಸಾಸಿವೆ ಹೊಲಗಳು ಶುರುವಾಗುವವರೆಗೂ ಕಿಟಕಿಯ ಹೊರಗೆ ನೋಡಿಕೊಂಡೇ ಕೂತಿದ್ದಳು. ನಾಲ್ಕೂವರೆಗೆ ಹ್ಯಾಂಗರಿನ ತಗಡಿನ ಬಾಗಿಲು ಸರಿಸಿದಾಗ ಇಳಿಬಿಸಿಲು ಒಳಗೆ ಹರಿದು ವಿಮಾನದ ಬಿಳಿ ಬಾಲದ ಮೇಲೆ ಬಿತ್ತು. ಸೀಟಿನ ಪಕ್ಕದಿಂದ ಬಿಚ್ಚಿದ ಹಳೇ ಚಕ್ರ, ಸುರುಳಿ ಸುತ್ತಿದ ಕೇಬಲ್ಲು, ಎಲ್ಲ ಬೆಂಚಿನ ಮೇಲೆ ಓರಣವಾಗಿದ್ದವು. ಒಂದೇ ಕೈ ನೆಟ್ಟಗಿದ್ದ ಮನುಷ್ಯ ಇಷ್ಟು ಓರಣ ಮಾಡಲು ಎಷ್ಟು ಹೊತ್ತು ಹಿಡಿಯಿತೋ.

ಅಭಿಷೇಕ ಒಳಗೆ ಕೂತ. ಲೀಲಾವತಿ ಹಿಂದೆ ಹೋಗಿ, ಹಲಗೆಯ ಅಂಚಿನ ಪಟ್ಟಿಯ ಮೇಲೆ ಅಂಗೈ ಇಟ್ಟಳು. ಕಣ್ಣಿಗಿಂತ ಕೈಯನ್ನು ನಂಬುವುದು ಅವಳ ಅಭ್ಯಾಸ.

“ಮೂತಿ ಮೇಲೆ. ಒತ್ತು.”

ಮೋಟಾರು ಸಣ್ಣಗೆ ಗುಯ್‌ಗುಟ್ಟಿತು. ಪಟ್ಟಿ ಮೇಲಕ್ಕೆದ್ದು ಅವಳ ಅಂಗೈಯನ್ನು ಒತ್ತಿತು.

ಉಲ್ಟಾ.

ಅಲ್ಲಿಯವರೆಗೆ ಅವಳು ಹುಡುಗನ ಜೀವದ ಬಗ್ಗೆ ಮಾತ್ರ ಯೋಚಿಸಿದ್ದಳು. ಈಗ ಗಂಡ ಕಣ್ಣ ಮುಂದೆ ಬಂದರು. ತಪ್ಪು ಮಾಡಿಬಿಟ್ಟರಲ್ಲ. ಮಾಡಿ, ಇಲ್ಲೇ ಕೂತು, ತಾನು ಬರಬಹುದೆಂದು ಬಾಗಿಲ ಕಡೆ ನೋಡಿರಬಹುದಲ್ಲ. ಇಪ್ಪತ್ತಾರು ವರ್ಷ ಜೊತೆಗಿದ್ದ ಕಣ್ಣು ಆ ಒಂದು ದಿನ ಅವರ ಜೊತೆ ಇರಲಿಲ್ಲ. ಬೆಳಗಿನಿಂದ ಯಾರ ಮುಂದೆಯೂ ಅಳದ ಲೀಲಾವತಿ ಬಾಲದ ಮೇಲೆ ಹಣೆಯಿಟ್ಟು, “ನಾನು ಬರಬೇಕಿತ್ತು ಕಣ್ರೀ, ನಾನು ಬರಬೇಕಿತ್ತು,” ಎಂದು ಗಟ್ಟಿಯಾಗಿ ಅತ್ತಳು. ಅಪೂರ್ವ ಹಿಂದಿನಿಂದ ಬಂದು ಅವಳ ಬೆನ್ನು ತಬ್ಬಿ ನಿಂತಳು. ಅಭಿಷೇಕ ಒಳಗೆ ತಲೆ ತಗ್ಗಿಸಿ ಕೂತಿದ್ದ.

ಅತ್ತು ಮುಗಿದ ಮೇಲೆ ಅವಳು ಮೂಗೊರೆಸಿಕೊಂಡು ಸ್ಕ್ರೂಡ್ರೈವರ್ ಕೇಳಿದಳು.

ಬಾಲದ ಅಡಿಯ ಚಿಕ್ಕ ಮುಚ್ಚಳ ಬಿಚ್ಚಿದರೆ ಮೋಟಾರಿನಿಂದ ಬರುವ ತಂತಿಗಳು. ಕರೆಂಟು ಕೊಡುವ ಎರಡು ತಂತಿಗಳೂ ಬಿಳಿ. ಒಂದಕ್ಕೊಂದು ಗುರುತೇ ಇಲ್ಲ.

“ಎರಡಕ್ಕೂ ಒಂದೇ ಬಣ್ಣ ಕೊಟ್ಟವನ ಮನೆ ಹಾಳಾಗ,” ಅಂದಳು. “ಅದಲು ಬದಲಾದ್ರೆ ಮೋಟಾರು ಉಲ್ಟಾ ಆಡುತ್ತೆ. ಯಾರಾದ್ರೂ ತಪ್ಪೋದೇ ಇಲ್ಲಿ.”

ಅಪೂರ್ವ ಮೊಬೈಲಿನ ಬೆಳಕು ಹಿಡಿದಳು. ಲೀಲಾವತಿ ಅಂಗಾತ ಮಲಗಿ ಎರಡನ್ನೂ ಕಿತ್ತು, ಅದಲು ಬದಲು ಮಾಡಿ, ಎಳೆದು ನೋಡಿ, ಮುಚ್ಚಳ ಬಿಗಿದಳು. ಸೀರೆ ಕೊಡವಿಕೊಂಡು ಎದ್ದಳು.

“ಒತ್ತಲಾ ಆಂಟಿ?” ಅಭಿಷೇಕ ಕೇಳಿದ.

“ತಡಿ. ಈಗ ಜೋಡಿಸಿದವಳು ನಾನು. ನಾನು ನೋಡೋ ಹಾಗಿಲ್ಲ.” ಅವಳು ಮಗಳ ಕಡೆ ತಿರುಗಿದಳು. “ಅಪ್ಪು, ನೀನು ನೋಡು.”

“ನಾನಾ? ಮುಝೇ ಕುಛ್ ನಹೀ ಪತಾ, ಅಮ್ಮ.”

“ನನಗೂ ಏನೂ ಗೊತ್ತಿರಲಿಲ್ಲ. ಇಲ್ಲಿ ಪಟ್ಟಿ ಮೇಲೊಂದು ಬೆರಳು, ಕೆಳಗೊಂದು ಬೆರಳು ಇಡು, ಹಿಡಿಯಬೇಡ. ಅವನು ಮೂತಿ ಮೇಲೆ ಅಂತ ಒತ್ತಿದಾಗ ಇದು ಯಾವ ಕಡೆ ಹೋಗುತ್ತೆ, ಅಷ್ಟೇ ಹೇಳು. ಯಾವ ಕಡೆ ಹೋಗಲಿ ಅಂತ ಅಂದ್ಕೋಬೇಡ.”

ಅಪೂರ್ವ ಚಪ್ಪಲಿ ಬಿಟ್ಟು ಬಾಲದ ಪಕ್ಕ ಮಂಡಿಯೂರಿದಳು. ಲೀಲಾವತಿ ಬಾಗಿಲವರೆಗೆ ನಡೆದುಹೋಗಿ, ಬೆನ್ನು ಮಾಡಿ, ಹೊಲಗಳ ಕಡೆ ಮುಖ ಹಾಕಿ ನಿಂತಳು. ತಿರುಗಿ ನೋಡಬೇಕೆಂದು ಕುತ್ತಿಗೆ ಎಳೆಯುತ್ತಿತ್ತು, ನೋಡಲಿಲ್ಲ.

“ಒತ್ತಪ್ಪ.”

ಗುಯ್ ಎಂದು ಸದ್ದು ಬಂತು, ನಿಂತಿತು.

“ಕೆಳಗೆ,” ಅಂದಳು ಅಪೂರ್ವ.

“ಸರಿ, ಹಾಗಾದ್ರೆ—” ಅಭಿಷೇಕ ಒಳಗಿನಿಂದ ಏಳಹೋದ.

“ನಹೀ, ರುಕೋ. ಕೂತ್ಕೊಳ್ಳಿ. ಇನ್ನೊಂದ್ಸಲ ಒತ್ತಿ. ನಂಗೆ ಪಕ್ಕಾ ಆಗ್ಬೇಕು.”

ಲೀಲಾವತಿ ತಿರುಗಿ ನೋಡದೆ ಹಾಗೇ ನಿಂತಿದ್ದಳು. ಹಿಂದೆ ಮೋಟಾರು ಸದ್ದು ಮಾಡಿತು, ನಿಂತಿತು, ಮಗಳ ದನಿ “ಇನ್ನೊಂದ್ಸಲ” ಅಂದಿತು, ಮತ್ತೆ ಮೋಟಾರು ಸದ್ದು ಮಾಡಿತು.